ಕಾಯುವ ಕೈ

ಹೆರಿಗೆ ಮಾಡಿಸುವವರಿಗೆ ಮೊದಲು ಬರಬೇಕಾದ ವಿದ್ಯೆ ಸುಮ್ಮನಿರುವುದು. ಬೇನೆ ತಿನ್ನುತ್ತಿರುವ ಹೆಂಗಸಿನ ಪಕ್ಕ ಗಂಟೆಗಟ್ಟಲೆ ಕೂರಬೇಕು, ಏನಾದರೂ ಮಾಡೋಣವೆಂಬ ಚಡಪಡಿಕೆಯನ್ನು ನುಂಗಿಕೊಳ್ಳಬೇಕು, ಮಾಡಲೇಬೇಕಾದ ಗಳಿಗೆ ಬಂದಾಗ ಮಾತ್ರ ತಡಮಾಡದೆ ಕೈ ಹಾಕಬೇಕು. ಕೇಳುವುದಕ್ಕೆ ಸುಲಭ. ಆದರೆ ಹೊರಗೆ ಜಗಲಿಯ ಮೇಲೆ ಗಂಡಸರು ಬೀಡಿ ಮೇಲೆ ಬೀಡಿ ಹಚ್ಚುತ್ತಿರುತ್ತಾರೆ. ಒಳಗೆ ಅತ್ತೆ ನಿಮಿಷಕ್ಕೊಮ್ಮೆ ‘ಇನ್ನೂ ಎಷ್ಟೊತ್ತು’ ಎಂದು ಕೇಳುತ್ತಿರುತ್ತಾಳೆ. ಬಸುರಿ ಕೂಗಿಕೊಳ್ಳುತ್ತಿರುತ್ತಾಳೆ. ಅಂಥ ಹೊತ್ತಿನಲ್ಲಿ ಸುಮ್ಮನಿರಲು ಎದೆಗಾರಿಕೆ ಬೇಕು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 70 ವರ್ಷಕ್ಕೂ ಮಿಕ್ಕಿ ಮಾಡಿದ್ದು ಈ ಕೆಲಸ.

ನರಸಮ್ಮನವರು ಹುಟ್ಟಿದ್ದು 1920ರಲ್ಲಿ. ಶಾಲೆಯ ಮುಖ ಕಂಡವರಲ್ಲ. 12ನೇ ವಯಸ್ಸಿಗೆ ಅಂಜಿನಪ್ಪನವರೊಂದಿಗೆ ಮದುವೆಯಾಯಿತು. 12 ಮಕ್ಕಳನ್ನು ಹೆತ್ತರು, ಅದರಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಬಂದವು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಪತ್ರಿಕೆಗಳು 15,000 ಹೆರಿಗೆ ಎಂಬ ಅಂಕಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡವು. ಅದು ರಿಜಿಸ್ಟರಿನಿಂದ ಬಂದ ಲೆಕ್ಕವಲ್ಲ, ಬಾಯಿಂದ ಬಾಯಿಗೆ ಬೆಳೆದ ಅಂದಾಜು. ಆದರೂ ಭಾಗಿಸಿ ನೋಡಿದರೆ ಅಸಾಧ್ಯವೇನೂ ಅನ್ನಿಸುವುದಿಲ್ಲ. 70 ವರ್ಷಕ್ಕೆ ಹಂಚಿದರೆ ವಾರಕ್ಕೆ ನಾಲ್ಕರಂತೆ ಬೀಳುತ್ತದೆ. ವಾರಕ್ಕೆ ನಾಲ್ಕು ಸಲ, ಎಷ್ಟೋ ಸಲ ನಡುರಾತ್ರಿಯಲ್ಲಿ, ತನ್ನ ಮನೆಯ ಒಲೆ ಮಕ್ಕಳು ಕೂಲಿ ಎಲ್ಲ ಬಿಟ್ಟು ಎದ್ದು ಹೋಗಿರಬೇಕು. ಅದಕ್ಕೆ ಅವರು ದುಡ್ಡು ಕೇಳಿದವರಲ್ಲ.

ಪಾವಗಡದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಅದು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಮಳೆ ಕಡಿಮೆ, ಬಂಡೆ ಜಾಸ್ತಿ, ಬಿಸಿಲು ಎಷ್ಟೆಂದರೆ ಈಗ ಅಲ್ಲಿ 2,000 ಮೆಗಾವಾಟ್ ಮೀರಿದ ಸೋಲಾರ್ ಪಾರ್ಕ್ ಎದ್ದಿದೆ. ಜಿಲ್ಲಾ ಕೇಂದ್ರ ತುಮಕೂರು ಅಲ್ಲಿಂದ ನೂರು ಕಿಲೋಮೀಟರಿನಷ್ಟು ದೂರ. 1940ರಲ್ಲಿ ಅಲ್ಲಿನ ಹಳ್ಳಿಯೊಂದರಲ್ಲಿ ಹೆರಿಗೆ ಬೇನೆ ಹತ್ತಿದ ಹೆಂಗಸಿಗೆ ಡಾಕ್ಟರೆಂದರೆ ಬೇರೆ ಲೋಕದ ಮಾತು. ಇದ್ದವಳು ಸೂಲಗಿತ್ತಿ ಒಬ್ಬಳೇ. ಬೇರೆ ದಿನಗಳಲ್ಲಿ ಇಂಥವರನ್ನು ಹೊಸ್ತಿಲು ದಾಟಿಸಬಾರದೆಂದು ಜಾತಿ ನೋಡುತ್ತಿದ್ದ ಮನೆಗಳೂ ಹೆರಿಗೆಯ ರಾತ್ರಿ ಸೂಲಗಿತ್ತಿಯನ್ನು ಒಳಗೆ ಕರೆದುಕೊಳ್ಳುತ್ತಿದ್ದವು. ಸೂತಕ ಕಳೆದ ಮೇಲೆ ಮತ್ತೆ ಹೊಸ್ತಿಲು ನೆನಪಾಗುತ್ತಿತ್ತು.

ನರಸಮ್ಮನವರಿಗೆ ಕಲಿಸಿದವರು ಅಜ್ಜಿ ಮರಿಗೆಮ್ಮ. ನರಸಮ್ಮನವರ ಸ್ವಂತ ಹೆರಿಗೆಗಳಲ್ಲಿ ಐದನ್ನು ಮಾಡಿಸಿದವರೂ ಇದೇ ಅಜ್ಜಿ. ಹೀಗಾಗಿ ಈ ಶಿಷ್ಯೆ ವಿದ್ಯೆಯನ್ನು ಎರಡು ಕಡೆಯಿಂದ ಕಲಿತರು: ಮಾಡಿಸುವವಳ ಪಕ್ಕ ಕೂತು ನೋಡಿ, ಮಾಡಿಸಿಕೊಳ್ಳುವವಳಾಗಿ ಮಲಗಿ ಅನುಭವಿಸಿ. ಯಾವ ಕಾಲೇಜೂ ಕೊಡಲಾಗದ ಅನುಕೂಲ ಇದು. 1940ರಲ್ಲಿ, 20ನೇ ವಯಸ್ಸಿನಲ್ಲಿ, ಬಂಧುವೊಬ್ಬರ ಹೆರಿಗೆಗೆ ಕೈ ಕೊಟ್ಟಲ್ಲಿಂದ ಅವರ ಕಸುಬು ಶುರುವಾಯಿತು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ನಾರುಬೇರಿನ ಔಷಧಿ ಕಲಿತರೆಂದೂ ಹೇಳುತ್ತಾರೆ. ನನಗೆ ಅವರ ಔಷಧಿಗಿಂತ ಅವರ ಕೈಯ ಮೇಲೆ ಹೆಚ್ಚು ಕುತೂಹಲ.

ಆ ಕೈಯ ಕೆಲಸ ಹೆರಿಗೆಗೂ ಮುಂಚೆ, ಹೊಟ್ಟೆ ಮುಟ್ಟಿ ನೋಡುವಲ್ಲಿಂದ ಶುರುವಾಗುತ್ತದೆ. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ, ಏನೂ ತಿಳಿಯುವುದಿಲ್ಲ. ಮೊದಲು ಹೊಟ್ಟೆಯ ಮೇಲ್ಭಾಗ. ಅಲ್ಲಿರುವುದು ತಲೆಯೋ ಕುಂಡಿಯೋ? ತಲೆಯಾದರೆ ಗಟ್ಟಿ, ದುಂಡು; ಬೆರಳಿಂದ ಮೆಲ್ಲಗೆ ನೂಕಿದರೆ ನೀರು ತುಂಬಿದ ಬಿಂದಿಗೆಯೊಳಗಿನ ತೆಂಗಿನಕಾಯಿಯಂತೆ ಆಚೆ ಹೋಗಿ ಈಚೆ ಬರುತ್ತದೆ. ಕುಂಡಿಯಾದರೆ ಮೆತ್ತಗೆ, ಅಲುಗಿಸಿದರೆ ಮಗುವಿನ ಇಡೀ ಮೈ ಜೊತೆಗೆ ಅಲುಗುತ್ತದೆ. ಆಮೇಲೆ ಪಕ್ಕೆಗಳು. ಒಂದು ಕಡೆ ಬೆನ್ನಿನ ಉದ್ದನೆಯ ನಯವಾದ ಹರವು ಸಿಗುತ್ತದೆ, ಇನ್ನೊಂದು ಕಡೆ ಕೈಕಾಲುಗಳ ಸಣ್ಣ ಸಣ್ಣ ಗಂಟುಗಳು. ಕೊನೆಗೆ ಕೆಳಹೊಟ್ಟೆ: ತಲೆ ಸೊಂಟದ ಎಲುಬಿನ ಮೇಲೆ ಇನ್ನೂ ತೇಲುತ್ತಿದೆಯೋ, ಒಳಗೆ ಇಳಿದು ಕೂತಿದೆಯೋ. ಜರ್ಮನಿಯ ಲಿಯೋಪಾಲ್ಡ್ ಎಂಬ ವೈದ್ಯರು 19ನೇ ಶತಮಾನದ ಕೊನೆಗೆ ಇದನ್ನು ನಾಲ್ಕು ಹಂತಗಳಾಗಿ ಬರೆದಿಟ್ಟರು. ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಅವರ ಹೆಸರಿನಲ್ಲೇ ಕಲಿಯುತ್ತಾರೆ. ಮರಿಗೆಮ್ಮನಂಥವರು ಮೊಮ್ಮಗಳ ಕೈ ಹಿಡಿದು, ಬಸುರಿಯ ಹೊಟ್ಟೆಯ ಮೇಲಿಟ್ಟು ಕಲಿಸುತ್ತಿದ್ದ ವಿದ್ಯೆಯೂ ಇದೇ ಜಾತಿಯದು.

ನರಸಮ್ಮನವರು ಮುಟ್ಟಿದ ಕೂಡಲೇ ಮಗುವಿನ ತಲೆ ಎಲ್ಲಿದೆ, ಅದರ ನಾಡಿ ಹೇಗೆ ಬಡಿಯುತ್ತಿದೆ ಎಂದು ಹೇಳಿಬಿಡುತ್ತಿದ್ದರು ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ತಲೆಯ ವಿಷಯದಲ್ಲಿ ನನಗೆ ಆಶ್ಚರ್ಯವಿಲ್ಲ, ಪಳಗಿದ ಬೆರಳಿಗೆ ಅದು ಸಿಕ್ಕೇ ಸಿಗುತ್ತದೆ. ಮಗುವಿನ ಎದೆಬಡಿತ ಹಾಗಲ್ಲ. ನಿಮಿಷಕ್ಕೆ 110ರಿಂದ 160ರವರೆಗೆ ಓಡುವ ಆ ಸದ್ದು ಹೊಟ್ಟೆಗೆ ಕಿವಿಯಿಟ್ಟರೆ ಕೇಳೀತು, ಬೆರಳಿಗೆ ಸಿಗುವುದು ಕಷ್ಟ. ಇಲ್ಲಿ ಊರವರ ಅಭಿಮಾನವೂ ಸ್ವಲ್ಪ ಸೇರಿಕೊಂಡಿದೆ ಎಂದು ನನ್ನ ಅನುಮಾನ. ಹಾಗೆಂದ ಮಾತ್ರಕ್ಕೆ ಅವರ ಹಿರಿಮೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಬೇನೆ ಬಂತೆಂದು ಕರೆ ಬರುತ್ತದೆ. ಎಲ್ಲ ಬೇನೆಯೂ ಹೆರಿಗೆ ಬೇನೆಯಲ್ಲ. ಸುಳ್ಳು ಬೇನೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ, ಬಿಸಿ ನೀರು ಹೊಯ್ದುಕೊಂಡರೆ ಇಳಿಯುತ್ತದೆ. ನಿಜವಾದದ್ದು ಬೆನ್ನಲ್ಲಿ ಹುಟ್ಟಿ ಮುಂದಕ್ಕೆ ಸುತ್ತಿಕೊಳ್ಳುತ್ತದೆ, ಓಡಾಡಿದಷ್ಟೂ ಬಲವಾಗುತ್ತದೆ, ಒಂದು ಬೇನೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಕಿರಿದಾಗುತ್ತ ಬರುತ್ತದೆ. ಇಷ್ಟು ಖಾತ್ರಿಯಾದ ಮೇಲೆ ಕಾಯುವ ಕೆಲಸ. ಚೊಚ್ಚಲ ಹೆರಿಗೆಯಾದರೆ ಒಂದು ಹಗಲು ಒಂದು ರಾತ್ರಿ ಹಿಡಿದರೂ ಅತಿಯೇನಲ್ಲ.

ಈ ಕಾಯುವಿಕೆಯನ್ನು ವಿಜ್ಞಾನ ಬಹಳ ಕಾಲ ಅನುಮಾನದಿಂದ ನೋಡಿತು. 1950ರ ದಶಕದಲ್ಲಿ ಅಮೆರಿಕದ ಎಮಾನುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು ಹೆರಿಗೆಯ ಓಟವನ್ನು ಗ್ರಾಫಿನಲ್ಲಿ ಇಳಿಸಿದರು. ಅಲ್ಲಿಂದ ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರಿನಷ್ಟಾದರೂ ತೆರೆಯಬೇಕು ಎಂಬ ನಿಯಮ ಆಸ್ಪತ್ರೆಗಳಲ್ಲಿ ಬೇರುಬಿಟ್ಟಿತು. ತಡವಾಯಿತೆಂದರೆ ಡ್ರಿಪ್, ಅದಕ್ಕೂ ಬಗ್ಗದಿದ್ದರೆ ಸಿಸೇರಿಯನ್. 2018ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ತಂದು, ಈ ವೇಗ ಎಷ್ಟೋ ಹೆಂಗಸರಿಗೆ ಹೊಂದುವುದಿಲ್ಲ, ತಾಯಿ ಮಗು ಕ್ಷೇಮವಾಗಿದ್ದರೆ ಗಡಿಯಾರ ನೋಡಿಕೊಂಡು ಅವಸರ ಮಾಡಬೇಡಿ ಎಂದಿತು. ನರಸಮ್ಮನವರಿಗೆ ಪದ್ಮಶ್ರೀ ಬಂದ ವರ್ಷವೂ ಅದೇ.

ಕಾದರೆ ಕೆಲಸ ಆಗುತ್ತದೆ ಎನ್ನುವುದಕ್ಕೆ ಕಾರಣ ಆಕ್ಸಿಟೋಸಿನ್ ಎಂಬ ಹಾರ್ಮೋನು. ಗರ್ಭಕೋಶವನ್ನು ಹಿಂಡುವುದು, ಮೊಲೆಯಲ್ಲಿ ಹಾಲು ಇಳಿಸುವುದು ಎರಡೂ ಅದರದೇ ಕೆಲಸ. (ಹಾಲು ಇಳಿಸಲು ಎಮ್ಮೆಗೆ ಕದ್ದು ಚುಚ್ಚುವ ಇಂಜೆಕ್ಷನ್ ಅಂದರೆ ನಮ್ಮಲ್ಲಿ ಬೇಗ ಅರ್ಥವಾದೀತು.) 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು, ಎರಡು ವರ್ಷದ ಮೇಲೆ ನೊಬೆಲ್ ಪಡೆದರು. ಹೆದರಿದ ಹೆಂಗಸಿನ ಮೈಯಲ್ಲಿ ಅಡ್ರಿನಲಿನ್ ಏರಿ ಈ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತದೆ, ಬೇನೆ ಹಿಂದೆಗೆಯುತ್ತದೆ. ಹಳ್ಳಿಮನೆಯ ಮಬ್ಬುಗತ್ತಲಿನ ಕೋಣೆ, ಪರಿಚಯದ ಮುಖ, ಸೊಂಟ ನೀವುವ ಕೈ, ‘ಆಯ್ತು ಕಣವ್ವ, ಇನ್ನೊಂಚೂರು’ ಎಂಬ ಸಮಾಧಾನ, ಇವೆಲ್ಲ ಬರೀ ಉಪಚಾರವಲ್ಲ. ಹೆರಿಗೆ ಮುಂದೆ ಸಾಗುವುದು ಇವುಗಳ ಮೇಲೂ ನಿಂತಿದೆ.

ಕಾಯುವಾಗ ಮಾಡಬಾರದ್ದನ್ನು ಮಾಡದಿರುವುದೂ ಕಸುಬಿನ ಭಾಗವೇ. ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆಯುವ ಮೊದಲೇ ಮುಕ್ಕಿಸಿದರೆ ತಾಯಿ ಸುಸ್ತಾಗುತ್ತಾಳೆ, ಬಾಯಿ ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಮೇಲಿಂದ ಹೊಟ್ಟೆ ಅದುಮುವುದು ಇನ್ನೂ ಕೆಟ್ಟದ್ದು. ಅರೆಬರೆ ಕಲಿತವರು ಹಳ್ಳಿಯಲ್ಲೂ ಅದುಮುತ್ತಿದ್ದರು, ದೊಡ್ಡ ಕಟ್ಟಡಗಳಲ್ಲೂ ಅದುಮುತ್ತಾರೆ. ಮುಕ್ಕುವ ಹೊತ್ತು ಬಂದಾಗ ಹಳ್ಳಿಯ ಹೆಂಗಸು ಕಂಬವನ್ನೋ ಜಂತಿಗೆ ಕಟ್ಟಿದ ಹಗ್ಗವನ್ನೋ ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಹಾಗೆ ಕೂತರೆ ಸೊಂಟದ ಎಲುಬಿನ ಕೆಳದಾರಿ ಅಗಲವಾಗುತ್ತದೆ, ಮಗುವಿನ ಭಾರವೇ ಅದನ್ನು ಕೆಳಕ್ಕೆ ಎಳೆಯುತ್ತದೆ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನಿನ ಕಡೆಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಆದರೂ ಮಂಚದ ಮೇಲೆ ಕಾಲೆತ್ತಿ ಅಂಗಾತ ಮಲಗಿಸುವುದೇ ಬಹುಕಾಲ ಆಸ್ಪತ್ರೆಯ ಪದ್ಧತಿಯಾಯಿತು. ಅದು ನೋಡುವವರಿಗೆ ಅನುಕೂಲ, ಹೆರುವವಳಿಗಲ್ಲ.

ನೆತ್ತಿ ಕಂಡಿತೆಂದರೆ ಈ ತನಕ ಸುಮ್ಮನಿದ್ದ ಕೈಗೆ ಕೆಲಸ. ಮಗುವಿನ ತಲೆ ಪಕ್ಕಕ್ಕೆ ಮುಖ ಮಾಡಿ ಸೊಂಟದೊಳಗೆ ಇಳಿದಿರುತ್ತದೆ, ದಾರಿಯಲ್ಲಿ ತಿರುಗಿ ತಾಯಿಯ ಬೆನ್ನಿನ ಕಡೆಗೆ ಮುಖ ಮಾಡುತ್ತದೆ, ಬುರುಡೆಯ ಎಲುಬುಗಳು ಒಂದರ ಮೇಲೊಂದು ತುಸು ಜರುಗಿ ತಲೆಯನ್ನು ಕಿರಿದು ಮಾಡಿಕೊಳ್ಳುತ್ತವೆ. ಇಷ್ಟನ್ನೆಲ್ಲ ಅದು ತಾನೇ ಮಾಡಿಕೊಂಡು ಬರುತ್ತದೆ. ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಚಿಮ್ಮಿದರೆ ಮಾತ್ರ ತಾಯಿಯ ಮೈ ಹರಿಯುತ್ತದೆ. ಆಗ ಒಂದು ಅಂಗೈ ನೆತ್ತಿಯ ಮೇಲೆ, ತಡೆಯುವಂತಲ್ಲ, ನಿಧಾನ ಮಾಡುವಂತೆ. ಇನ್ನೊಂದು ಕೈ ಬಟ್ಟೆ ಹಿಡಿದು ಕೆಳಗಿನ ಬಿಗಿದ ಚರ್ಮಕ್ಕೆ ಆಸರೆ. ತಾಯಿಗೆ ‘ಈಗ ಮುಕ್ಕಬೇಡ, ಬಾಯಲ್ಲಿ ಉಸಿರು ಬಿಡು’ ಎನ್ನಬೇಕು. ಎಷ್ಟೋ ಹೊತ್ತು ‘ಮುಕ್ಕು’ ಎಂದು ಹುರಿದುಂಬಿಸಿ ಸರಿಯಾದ ಕ್ಷಣಕ್ಕೆ ‘ನಿಲ್ಲು’ ಎನ್ನುವುದರಲ್ಲಿ ಪಳಗಿದವರು ಯಾರೆಂದು ತಿಳಿದುಬಿಡುತ್ತದೆ. ಚೊಚ್ಚಲು ಎಂದರೆ ಕತ್ತರಿ ಹಾಕಿ ಹೊಲಿಗೆ ಹಾಕುವುದು ವಾಡಿಕೆಯಾಗಿದ್ದ ಕಾಲವೊಂದಿತ್ತು. ಎಲ್ಲರಿಗೂ ಹಾಗೆ ಕತ್ತರಿಸಬೇಡಿ ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ತಲೆ ಬಂದ ಮೇಲೆ ಒಂದು ಬೆರಳು ಕತ್ತಿನ ಸುತ್ತ ಹೋಗುತ್ತದೆ. ನಾಲ್ಕೈದು ಹೆರಿಗೆಗೊಂದರಲ್ಲಿ ಹೊಕ್ಕುಳಬಳ್ಳಿ ಅಲ್ಲಿ ಸುತ್ತಿಕೊಂಡಿರುತ್ತದೆ. ಬಹುಪಾಲು ಸಡಿಲವಾಗಿಯೇ ಇರುತ್ತದೆ, ತಲೆಯ ಮೇಲಿಂದ ಜಾರಿಸಿದರೆ ಮುಗಿಯಿತು. ನಮ್ಮ ಕಡೆ ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲವೆಂದು, ಅವನು ಮೊದಲು ಎಣ್ಣೆಯಲ್ಲಿ ಮಗುವಿನ ಮುಖ ನೋಡಬೇಕೆಂದು ಶಾಸ್ತ್ರ ಮಾಡುತ್ತಾರೆ. ಇಷ್ಟು ಸಾಮಾನ್ಯವಾದ ಸಂಗತಿಗೆ ಇಷ್ಟೊಂದು ಸೋದರಮಾವಂದಿರು ಹೆದರಿಕೊಂಡಿದ್ದಾರೆ!

ಮಗು ಹೊರಬಂದ ಮೇಲೂ ಬಳ್ಳಿ ಕೆಲವು ನಿಮಿಷ ಮಿಡಿಯುತ್ತಿರುತ್ತದೆ. ಮಾಸಿನಲ್ಲಿ ಉಳಿದ ರಕ್ತ ಆ ಹೊತ್ತಿನಲ್ಲಿ ಮಗುವಿಗೆ ಸೇರುತ್ತದೆ, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಅದರಲ್ಲಿದೆ. ಬೆರಳಿಗೆ ಮಿಡಿತ ನಿಂತದ್ದು ಗೊತ್ತಾದ ಮೇಲೆ ಕಟ್ಟಿ ಕೊಯ್ಯುವುದು ಎಷ್ಟೋ ಸೂಲಗಿತ್ತಿಯರ ರೂಢಿ. ಹುಟ್ಟಿದ ತಕ್ಷಣ ಕತ್ತರಿಸುತ್ತಿದ್ದ ಆಸ್ಪತ್ರೆಗಳಿಗೆ ಈಗ ಕನಿಷ್ಠ ಒಂದು ನಿಮಿಷವಾದರೂ ತಡೆಯಿರಿ ಎಂಬ ಸೂಚನೆ ಇದೆ. ಆದರೆ ಯಾವುದರಿಂದ ಕೊಯ್ಯುವುದು ಎಂಬಲ್ಲಿಗೆ ಬಂದಾಗ ಹಳೆಯ ಕಾಲವನ್ನು ಹೊಗಳುವವರು ತುಸು ತಡೆಯಬೇಕು. ಕುಡುಗೋಲು, ಬಿದಿರಿನ ಸೀಳು, ಹಳೆಯ ಬ್ಲೇಡು, ಗಾಯಕ್ಕೆ ಬೂದಿ ಅಥವಾ ಸಗಣಿ. ಇವು ಮಗುವಿನ ಮೈಗೆ ಧನುರ್ವಾಯು ತಂದವು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ವಾರ ತುಂಬುವಷ್ಟರಲ್ಲಿ ಮೊಲೆ ಬಿಟ್ಟು ಸೆಟೆದುಕೊಂಡು ಸಾಯುತ್ತಿತ್ತು. ಬಸುರಿಗೆ ಟಿಟಿ ಚುಚ್ಚುಮದ್ದು, ಸೂಲಗಿತ್ತಿಗೆ ಸೋಪು, ಹೊಸ ಬ್ಲೇಡು, ಶುದ್ಧ ದಾರದ ಪಾಠ, ಆಸ್ಪತ್ರೆ ಹೆರಿಗೆ ಎಲ್ಲ ಸೇರಿ ದಶಕಗಳು ಹೋರಾಡಿದ ಮೇಲೆ, ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ತೊಲಗಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು.

ಇನ್ನು ಮಾಸು. ತಾಯಂದಿರು ಹೆಚ್ಚಾಗಿ ಸಾಯುವುದು ಮಗು ಹುಟ್ಟುವಾಗಲ್ಲ, ಹುಟ್ಟಿದ ಮೇಲೆ. ಎಲ್ಲರ ಕಣ್ಣೂ ಮಗುವಿನ ಮೇಲಿರುವಾಗ ಸೂಲಗಿತ್ತಿಯ ಕಣ್ಣು ತಾಯಿಯ ಮೇಲಿರಬೇಕು. ಬಳ್ಳಿ ಹಿಡಿದು ಎಳೆಯಬಾರದು. ಬಳ್ಳಿ ತಾನಾಗಿ ಉದ್ದವಾಗುತ್ತದೆ, ಒಮ್ಮೆ ರಕ್ತ ಬರುತ್ತದೆ, ಗರ್ಭಕೋಶ ಗುಂಡಗೆ ಗಟ್ಟಿಯಾಗಿ ಮೇಲಕ್ಕೆ ಏಳುತ್ತದೆ. ಮಾಸು ಕಳಚಿದ ಗುರುತು ಅದು. ಬಿದ್ದ ಮಾಸನ್ನು ಹರವಿ ಚೂರು ಹರಿದು ಒಳಗೆ ಉಳಿದಿದೆಯೇ ಎಂದು ನೋಡಬೇಕು. ಆಮೇಲೆ ಕೆಳಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿಯೇ ಇದೆಯೇ ಎಂದು ನೋಡುತ್ತಿರಬೇಕು, ಮೆತ್ತಗಾದರೆ ನೀವಬೇಕು, ಮಗುವನ್ನು ಮೊಲೆಗೆ ಹಚ್ಚಬೇಕು. ಮಗು ಚೀಪಿದಾಗ ಏಳುವ ಅದೇ ಆಕ್ಸಿಟೋಸಿನ್ ರಕ್ತನಾಳಗಳ ಬಾಯಿ ಮುಚ್ಚುವಂತೆ ಗರ್ಭಕೋಶವನ್ನು ಬಿಗಿಯುತ್ತದೆ.

ಇಷ್ಟೆಲ್ಲ ಬಲ್ಲ ಕೈಗೂ ಒಂದು ಗಡಿಯಿದೆ. ಅರ್ಧ ಲೀಟರು ದಾಟಿ ಹರಿಯುವ ರಕ್ತ, ಏರಿದ ಬಿಪಿಯಿಂದ ಬಸುರಿಗೆ ಬರುವ ಫಿಟ್ಸ್, ಅಡ್ಡ ಬಿದ್ದ ಮಗು, ಎಳೆಯ ಹುಡುಗಿಯ ಕಿರಿದಾದ ಸೊಂಟ. ಇವುಗಳ ಮುಂದೆ ಅನುಭವ ಮಾತ್ರ ಸಾಲದು, ರಕ್ತದ ಬಾಟಲಿ, ಔಷಧಿ, ಆಪರೇಷನ್ ಕೋಣೆ ಬೇಕು. ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇತ್ತು, 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಈ ಇಳಿತ ಬಂದದ್ದು ಹೆಂಗಸರು ಆಸ್ಪತ್ರೆಗೆ ಹೋದದ್ದರಿಂದ, ಆಂಬುಲೆನ್ಸ್‌ನಿಂದ, ಆಶಾ ಕಾರ್ಯಕರ್ತೆಯರ ಓಡಾಟದಿಂದ. ಈಗ ರಾಜ್ಯದ ನೂರರಲ್ಲಿ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಮನೆಯಲ್ಲೇ ಹೆರುವುದು ಚೆಂದ ಎಂದು ನಗರದ ಕೆಲವರು ಈಚೆಗೆ ಹೇಳತೊಡಗಿದ್ದಾರೆ. ಹಾಗೆ ಹೇಳುವಾಗ ನರಸಮ್ಮನವರ ಹೆಸರು ಎತ್ತುವುದು ನನಗೆ ಒಪ್ಪಿಗೆಯಿಲ್ಲ. ಅವರು ಆಸ್ಪತ್ರೆಗೆ ಬದಲಾಗಿ ನಿಂತವರಲ್ಲ, ಆಸ್ಪತ್ರೆ ಇಲ್ಲದ ಕಡೆ ನಿಂತವರು.

ಅದೇ ಹೊತ್ತಿಗೆ ಇನ್ನೊಂದು ಅಂಕಿ ಮೇಲಕ್ಕೆ ಏರಿದೆ. 2019-21ರ ಹೊತ್ತಿಗೇ ರಾಜ್ಯದಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಹೆರಿಗೆ ಸಿಸೇರಿಯನ್ ಆಗಿತ್ತು. ಎಲ್ಲವೂ ಬೇಕಾಗಿಯೇ ಆದದ್ದು ಎಂದು ವೈದ್ಯರೂ ಹೇಳಲಾರರು. ಸಾವನ್ನು ತಡೆಯುವುದನ್ನು ಕಲಿತ ಹೆರಿಗೆ ಕೋಣೆ, ಬರೀ ಕಾಯ್ದರೆ ಸಾಕಾಗಿದ್ದ ಕಡೆ ಕಾಯುವುದನ್ನು ಮರೆಯಿತು.

ನರಸಮ್ಮನವರು ತಮ್ಮ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳಲಿಲ್ಲ, 180 ಮಂದಿಗೆ ಕಲಿಸಿದರು ಎನ್ನುತ್ತಾರೆ. ಈಗ ಸರ್ಕಾರವೂ ಕಲಿಸಲು ಹೊರಟಿದೆ. ಅವರು ತೀರಿಕೊಂಡ 2018ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿದವರಿಗೆ 18 ತಿಂಗಳ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ಕೈಗೇ ಒಪ್ಪಿಸುವುದು ಅದರ ತಿರುಳು. ತೆಲಂಗಾಣದಲ್ಲಿ ಅದಕ್ಕೂ ಮೊದಲೇ ಇಂಥ ತರಬೇತಿ ಶುರುವಾಗಿತ್ತು. ಓದು ಬಾರದ ನರಸಮ್ಮನವರಿಗೆ ಈ ತರಬೇತಿಗೆ ಸೇರುವ ಅರ್ಹತೆ ಇರುತ್ತಿರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಬಿಪಿ ನೋಡಲು, ಇಂಜೆಕ್ಷನ್ ಕೊಡಲು, ಯಾವಾಗ ಆಂಬುಲೆನ್ಸ್ ಕರೆಯಬೇಕೆಂದು ತಿಳಿಯಲು ಓದು ಬೇಕು.

ತಾಯಿ ತನಗೆ ಬೇಕಾದ ಹಾಗೆ ಕೂರಬಹುದು, ಬೇಕಾದವರನ್ನು ಜೊತೆಗಿಟ್ಟುಕೊಳ್ಳಬಹುದು, ಬಳ್ಳಿ ಕೊಯ್ಯಲು ಅವಸರವಿಲ್ಲ ಎಂದೆಲ್ಲ ಈಗ ಪಾಠದಲ್ಲಿದೆ. ಪಾಠ ಜಾರಿಗೆ ಬರಬೇಕಾದ ಜಾಗ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ. ಅಲ್ಲಿ ಒಬ್ಬ ನರ್ಸ್ ಒಂದಕ್ಕಿಂತ ಹೆಚ್ಚು ಮಂಚಗಳ ನಡುವೆ ಓಡಾಡುತ್ತ ಕೇಸ್‌ಶೀಟು, ರಿಜಿಸ್ಟರು, ಫೋನು ಎಲ್ಲ ನೋಡಿಕೊಳ್ಳಬೇಕು. ನರಸಮ್ಮನವರು ಒಂದು ಸಲಕ್ಕೆ ಒಬ್ಬ ಹೆಂಗಸಿನ ಪಕ್ಕ ಕೂರುತ್ತಿದ್ದರು, ಮಾಸು ಬೀಳುವ ತನಕ ಏಳುತ್ತಿರಲಿಲ್ಲ. ಹಾಗೆ ಕೂರಬಲ್ಲ ನರ್ಸ್ ಬೇಕೆಂದರೆ ತರಬೇತಿಯ ಜೊತೆಗೆ ಹುದ್ದೆಗಳೂ ಹೆಚ್ಚಬೇಕು. ಬಜೆಟ್ಟಿನಲ್ಲಿ ದುಡ್ಡು ತೆಗೆದಿಡಬೇಕಾದ್ದು ಅದಕ್ಕೆ.